ದೇವರೇ ಅಭಿಷೇಕಿಸಿದ ಯೇಹುವನ್ನು ಹೋಶೇಯ ಖಂಡಿಸಿದ್ದೇಕೆ?

ಓದುಗರ ಪ್ರಶ್ನೆ: ಇಸ್ರಾಯೇಲಿನ ಅರಸ ಅಹಾಬನ ಮನೆತನವನ್ನು ಅಳಿಸಲು ಸೇನಾಪತಿ ಯೇಹುವನ್ನು ಆರಿಸಿದ್ದು ದೇವರೇ. 2 ಅರಸುಗಳು 10:30ರಲ್ಲಿ ಅವನನ್ನು ಮೆಚ್ಚಿದ್ದೂ ದೇವರೇ. ಹಾಗಿದ್ದ ಮೇಲೆ ಪ್ರವಾದಿ ಹೋಶೇಯನ ಗ್ರಂಥದ 1:4ರಲ್ಲಿ, ಇಜ್ರೇಲಿನಲ್ಲಿ ಸುರಿಸಿದ ರಕ್ತಕ್ಕಾಗಿ ಯೇಹುವಿನ ಮನೆತನವನ್ನು ದಂಡಿಸುತ್ತೇನೆ ಎಂದಿರುವುದು ಹೇಗೆ?

ಉತ್ತರ: ತೀರ್ಪು ನ್ಯಾಯವಾಗಿತ್ತು, ಜಾರಿಗೆ ತಂದವನ ಕೈ ಶುದ್ಧವಾಗಿರಲಿಲ್ಲ. ಬೈಬಲ್ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ತೀರ್ಪಿನ ಮೂಲ ನಾಬೋತನ ದ್ರಾಕ್ಷಿತೋಟ. ಪಿತ್ರಾರ್ಜಿತ ಭೂಮಿಯನ್ನು ಅರಸನಿಗೆ ಕೊಡಲೊಲ್ಲೆ ಎಂದಿದ್ದಕ್ಕೆ ಸುಳ್ಳುಸಾಕ್ಷಿ ಹೇಳಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದರು. ಪ್ರವಾದಿ ಎಲೀಯ ಅದೇ ತೋಟದಲ್ಲಿ ಅಹಾಬನಿಗೆ ಎದುರುನಿಂತು ಶಿಕ್ಷೆ ಸಾರಿದ. ವರ್ಷಗಳ ನಂತರ, ಪ್ರವಾದಿ ಎಲೀಷ ಕಳಿಸಿದ ಯುವಕನೊಬ್ಬ ರಾಮೋತ್ ಗಿಲ್ಯಾದಿನಲ್ಲಿ ಸೇನಾಪತಿ ಯೇಹುವಿನ ತಲೆಗೆ ಎಣ್ಣೆ ಹೊಯ್ದ. ಯೇಹು ರಥ ಓಡಿಸಿಕೊಂಡು ಇಜ್ರೇಲಿಗೆ ಬಂದು ಅಹಾಬನ ಮಗ ಯೋರಾಮನನ್ನು ಕೊಂದು, ಹೆಣವನ್ನು ನಾಬೋತನ ಹೊಲಕ್ಕೇ ಎಸೆಸಿದ. ಅರಮನೆ ತುಳಿದುಹಾಕಿದ ಒಬ್ಬ ಮನುಷ್ಯನ ರಕ್ತವನ್ನು ದೇವರು ಮರೆಯಲಿಲ್ಲ.

ಈಗ 2 ಅರಸುಗಳು 10ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಯೇಹು ಸಮಾರ್ಯದ ಹಿರಿಯರಿಗೆ ಪತ್ರ ಬರೆಯುತ್ತಾನೆ. ಅವರು ಹೆದರಿ ಅಹಾಬನ 70 ಗಂಡುಮಕ್ಕಳ ತಲೆ ಕಡಿದು, ಬುಟ್ಟಿಗಳಲ್ಲಿ ತುಂಬಿ ಇಜ್ರೇಲಿಗೆ ಕಳಿಸುತ್ತಾರೆ. ಊರಬಾಗಿಲ ಬಳಿ ಅವು ಎರಡು ರಾಶಿಯಾಗಿ ಬೆಳಗಿನ ತನಕ ಬಿದ್ದಿರುತ್ತವೆ. ಬೆಳಿಗ್ಗೆ ಯೇಹು ಜನರ ಮುಂದೆ ನಿಂತು, ನನ್ನ ಒಡೆಯನನ್ನು ಕೊಂದವನು ನಾನೇ, ಆದರೆ ಇವರನ್ನೆಲ್ಲ ಕೊಂದವರು ಯಾರು ಎಂದು ಕೇಳುತ್ತಾನೆ. ಪತ್ರದ ಸುದ್ದಿಯೇ ಎತ್ತುವುದಿಲ್ಲ. ನಾಬೋತನನ್ನು ಕೊಲ್ಲಿಸಲು ಅಹಾಬನ ಹೆಂಡತಿ ಈಜೆಬೆಲ್ ಹಿಡಿದ ದಾರಿಯೂ ಇದೇ ಅಲ್ಲವೇ? ಅವಳೂ ಹಿರಿಯರಿಗೆ ಪತ್ರ ಬರೆದೇ ಕೆಲಸ ಮುಗಿಸಿದ್ದಳು. ಅವಳನ್ನು ಕಿಟಕಿಯಿಂದ ಕೆಳಗೆ ತಳ್ಳಿಸಿದವನೇ ಅವಳ ವಿದ್ಯೆ ಕಲಿತಿದ್ದ.

ಅಪ್ಪಣೆ ಇದ್ದದ್ದು ಅಹಾಬನ ಮನೆತನದ ಬಗ್ಗೆ. ಯೇಹು ಅಹಾಬನ ಆಪ್ತರನ್ನೂ, ದಾರಿಯಲ್ಲಿ ಸಿಕ್ಕ ಯೆಹೂದದ ಅರಸನ 42 ಮಂದಿ ಬಂಧುಗಳನ್ನೂ ಬಿಡಲಿಲ್ಲ. ಬಾಳನ ಗುಡಿ ಕೆಡವಿದವನು ಬೇತೇಲ್ ಮತ್ತು ದಾನ್ ಊರುಗಳ ಚಿನ್ನದ ಕರುಗಳನ್ನು ಮಾತ್ರ ಮುಟ್ಟಲಿಲ್ಲ. ಜನ ಆರಾಧನೆಗೆ ಯೆರೂಸಲೇಮಿಗೆ ಹೋಗದಂತೆ ತಡೆಯಲು ಹಿಂದಿನ ಅರಸ ಯಾರೊಬ್ಬಾಮ ನಿಲ್ಲಿಸಿದ ಕರುಗಳವು. ಬಾಳ ಅಹಾಬನ ಮನೆಯವರ ದೇವರು, ಕರುಗಳು ಇಸ್ರಾಯೇಲಿನ ಸಿಂಹಾಸನಕ್ಕೆ ಆಧಾರ. ಆ ಸಿಂಹಾಸನ ಈಗ ಯೇಹುವಿನದು. ಅವನ ಉತ್ಸಾಹ ನಿಂತದ್ದು ಅಲ್ಲಿ.

ಯೆಶಾಯ 10 ಕೂಡ ಇದನ್ನೇ ಹೇಳುತ್ತದೆ. ಅಶ್ಶೂರ ದೇವರ ಕೋಪದ ಕೋಲು, ಆದರೆ ಅದರ ಅಹಂಕಾರಕ್ಕೆ ಶಿಕ್ಷೆಯೂ ಅದೇ ಅಧ್ಯಾಯದಲ್ಲಿದೆ. ಕ್ರಿ.ಪೂ. 841ರಲ್ಲಿ ಯೇಹು ಅದೇ ಅಶ್ಶೂರಕ್ಕೆ ಕಪ್ಪ ಒಪ್ಪಿಸಿದ. ಅದರ ಕೆತ್ತನೆಯಿರುವ ಕಪ್ಪು ಶಿಲಾಸ್ತಂಭ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿದೆ.

ಸಭೆಗಳಲ್ಲಿ ನಾಯಕರೊಬ್ಬರ ತಪ್ಪು ಎತ್ತಿದರೆ, "ದೇವರು ಅವರನ್ನು ಬಳಸುತ್ತಿದ್ದಾರೆ, ಅಭಿಷಿಕ್ತರ ಬಗ್ಗೆ ಮಾತಾಡಬೇಡಿ" ಎಂದು ಬಾಯಿ ಮುಚ್ಚಿಸುವುದುಂಟು. ನೊಂದವರಿಗೆ ಇದು ಎರಡನೇ ಗಾಯ. ಯೇಹುವೂ ಅಭಿಷಿಕ್ತನೇ, ದೇವರು ಅವನನ್ನು ಬಳಸಿದ್ದೂ ನಿಜ. ಹಾಗೆಂದು ಹೋಶೇಯ ಬಾಯಿ ಮುಚ್ಚಿಕೊಳ್ಳಲಿಲ್ಲ.

ಇನ್ನು 10:30ರ ಮೆಚ್ಚುಗೆಗೂ ಒಂದು ಮಿತಿಯಿತ್ತು: ಯೇಹುವಿನ ಸಂತತಿಗೆ ಸಿಂಹಾಸನ ನಾಲ್ಕು ತಲೆಮಾರು ಮಾತ್ರ. ನಾಲ್ಕನೆಯವನಾದ ಜೆಕರ್ಯ ಆರು ತಿಂಗಳು ಆಳಿದ. ಶಲ್ಲೂಮ ಎಂಬವನು ಒಳಸಂಚು ಹೂಡಿ, ಅವನನ್ನು ಕೊಂದು ಪಟ್ಟಕ್ಕೇರಿದ.