ವಾರಕ್ಕೆ 16 ಗಂಟೆ ಪಾಠ, ಮಿಕ್ಕ ಹೊತ್ತು ಕಾಫಿ ತೋಟ?

ಪ್ರಶ್ನೆ: ನನ್ನ ಮಗಳು ಈ ವರ್ಷ ಎಂ.ಎಸ್ಸಿ. ಮುಗಿಸಿದ್ದಾಳೆ. ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾಗಬೇಕೆಂಬ ಆಸೆ ಅವಳಿಗಿದೆ. ನೆಟ್ ಒಂದಿದ್ದರೆ ಸಾಕೇ, ಪಿಎಚ್.ಡಿ.ಯೂ ಬೇಕೇ? ವಾರಕ್ಕೆ 16 ಗಂಟೆ ಪಾಠ ಮಾಡಿದರೆ ಕೆಲಸ ಮುಗಿಯಿತೆಂದು ಕೇಳಿದ್ದೇವೆ. ಉಳಿದ ಸಮಯದಲ್ಲಿ ಮನೆಯ ತೋಟವನ್ನೂ ನೋಡಿಕೊಳ್ಳಬಹುದಲ್ಲವೇ, ಸರ್?
– ಸೋಮವಾರಪೇಟೆ ತಾಲ್ಲೂಕಿನ ಬೆಳೆಗಾರರೊಬ್ಬರು

ಈ ಪ್ರಶ್ನೆ ನನಗೆ ಹೊಸದಲ್ಲ. ಸ್ನಾತಕೋತ್ತರ ಫಲಿತಾಂಶ ಹೊರಬಿದ್ದ ಕೆಲವೇ ವಾರಗಳಲ್ಲಿ ಪ್ರತಿ ವರ್ಷವೂ ಬರುತ್ತದೆ. ಬರೆದವರು ವಿರಾಜಪೇಟೆಯವರಿರಲಿ, ಕುಶಾಲನಗರದವರಿರಲಿ, ಕೊನೆಯ ಸಾಲಿನಲ್ಲಿ ತೋಟ ತಪ್ಪುವುದಿಲ್ಲ. ಇಪ್ಪತ್ತೆಂಟು ವರ್ಷ ಪಾಠ ಹೇಳಿ ನಿವೃತ್ತನಾದವನಿಗೆ ಒಂದೇ ಉತ್ತರವನ್ನು ಮತ್ತೆ ಮತ್ತೆ ಹೇಳುವ ಅಭ್ಯಾಸ ಇರಬೇಕೆಂದು ಜನ ಭಾವಿಸುತ್ತಾರೆ. ಅಭ್ಯಾಸವೇನೋ ಇದೆ, ತಾಳ್ಮೆ ಮಾತ್ರ ಮೊದಲಿನಷ್ಟು ಉಳಿದಿಲ್ಲ. ಆದ್ದರಿಂದ ಈ ಬಾರಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ; ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಓದಿ ಎನ್ನಬಹುದು.

ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಚಿಕ್ಕದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಗಳ ಪ್ರಕಾರ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳು ಮತ್ತು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ರಾಜ್ಯ ಮಟ್ಟದ ಕೆ-ಸೆಟ್ ಅರ್ಹತೆ ಇರಬೇಕು. 2023ರ ಜುಲೈ 1ರಿಂದ ಈ ಹುದ್ದೆಗೆ ಪಿಎಚ್.ಡಿ. ಕಡ್ಡಾಯವಲ್ಲವೆಂದು ಸ್ಪಷ್ಟವಾಗಿಯೇ ಹೇಳಲಾಗಿದೆ. ಹಾಗೆಂದು ಪಿಎಚ್.ಡಿ. ಬೇಡವೆಂದು ತಿಳಿಯಬಾರದು. 2018ರ ನಿಯಮಗಳಂತೆ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700 ರೂಪಾಯಿ, ಸಹ ಪ್ರಾಧ್ಯಾಪಕರದು 1,31,400, ಪ್ರಾಧ್ಯಾಪಕರದು 1,44,200. ಮೊದಲ ಮತ್ತು ಎರಡನೆಯ ಅಂಕಿಗಳ ನಡುವಿನ ಆ ದೊಡ್ಡ ಕಂದಕವನ್ನು ಪಿಎಚ್.ಡಿ. ಇಲ್ಲದೆ ದಾಟಲಾಗುವುದಿಲ್ಲ. ಇದ್ದವರಿಗೂ ಅಲ್ಲಿಗೆ ತಲುಪಲು ನಾಲ್ಕು, ಐದು ಮತ್ತು ಮೂರು, ಒಟ್ಟು ಹನ್ನೆರಡು ವರ್ಷಗಳ ಸೇವೆ ಬೇಕು. ಅಲ್ಲಿಂದ ಪ್ರಾಧ್ಯಾಪಕರಾಗಲು ಇನ್ನೂ ಮೂರು. ಮದುವೆ ಮನೆಗಳಲ್ಲಿ ‘ಇನ್ನೂ ಸಹಾಯಕರಾಗಿಯೇ ಇದ್ದೀರಾ? ಯಾರಿಗೆ ಸಹಾಯ?’ ಎಂದು ಕೇಳುವ ಹಿರಿಯರಿಗಾಗಿ ಒಂದು ಮಾತು: ಸಹಾಯಕ ಪ್ರಾಧ್ಯಾಪಕರು ಯಾರ ಕೈಕೆಳಗಿನ ಸಹಾಯಕರೂ ಅಲ್ಲ, ತಮ್ಮ ತರಗತಿಯ ಪೂರ್ಣ ಹೊಣೆ ಹೊತ್ತ ಅಧ್ಯಾಪಕರೇ ಅವರು.

ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅರ್ಹತೆ ಪಡೆದ ಮರುವರ್ಷವೇ ಕಾಯಂ ಹುದ್ದೆ ಸಿಗುತ್ತದೆಂದು ಲೆಕ್ಕ ಹಾಕಬೇಡಿ. ನೇಮಕಾತಿ ಪ್ರಕಟಣೆ ಹಲವು ವರ್ಷಗಳಿಗೊಮ್ಮೆ ಬರುತ್ತದೆ. 2021ರಲ್ಲಿ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ 1,242 ಹುದ್ದೆಗಳ ಪ್ರಕಟಣೆ ಹೊರಟಿತ್ತು. ನಡುವಿನ ವರ್ಷಗಳಲ್ಲಿ ಬಹುತೇಕರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾರೆ. ಅವರ ಗೌರವಧನವನ್ನು 2022ರಲ್ಲಿ ಗರಿಷ್ಠ 32 ಸಾವಿರಕ್ಕೆ ಏರಿಸಿ, ಅದರೊಂದಿಗೆ ಪಾಠದ ಹೊರೆಯನ್ನೂ ವಾರಕ್ಕೆ 15 ಗಂಟೆಗೆ ಏರಿಸಲಾಯಿತು. ಮೂಲ ವೇತನದ ಅಂಕಿಗಳನ್ನು ಓದಿ ಹಿಗ್ಗಿದವರು ಈ ಅಂಕಿಯನ್ನೂ ಒಮ್ಮೆ ಓದಿಕೊಳ್ಳಬೇಕು.

ಈಗ ಆ ಹದಿನಾರು ಗಂಟೆಗೆ ಬರೋಣ. ಈ ಅಂಕಿ ಸುಳ್ಳಲ್ಲ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14 ಗಂಟೆ ನೇರ ಬೋಧನೆ ಎಂದು ನಿಯಮದಲ್ಲಿ ಬರೆದಿದೆ. ಆದರೆ ಅದೇ ನಿಯಮದಲ್ಲಿ, ಅದಕ್ಕಿಂತ ಮೊದಲೇ, ಪೂರ್ಣಾವಧಿ ಅಧ್ಯಾಪಕರ ಕಾರ್ಯಭಾರ ವರ್ಷದ 30 ವಾರಗಳಲ್ಲಿ, ಅಂದರೆ 180 ಬೋಧನಾ ದಿನಗಳಲ್ಲಿ, ವಾರಕ್ಕೆ 40 ಗಂಟೆಗಿಂತ ಕಡಿಮೆ ಇರಕೂಡದು ಎಂದೂ, ದಿನಕ್ಕೆ ಕನಿಷ್ಠ 5 ಗಂಟೆ ಸಂಸ್ಥೆಯಲ್ಲಿ ಲಭ್ಯರಿರಬೇಕು ಎಂದೂ ಇದೆ. ಜನರು ನಲವತ್ತನ್ನು ಬಿಟ್ಟು ಹದಿನಾರನ್ನು ಮಾತ್ರ ಹೇಗೆ ನೆನಪಿಟ್ಟುಕೊಂಡರೆಂಬುದು ನನಗೆ ಇಂದಿಗೂ ಬಗೆಹರಿಯದ ವಿಷಯ.

ಬೆಳೆಗಾರರಿಗೆ ಬೆಳೆಗಾರರ ಲೆಕ್ಕದಲ್ಲಿಯೇ ಹೇಳುವುದಾದರೆ, ರೋಬಸ್ಟಾ ಕೊಯ್ಲು ಎಷ್ಟು ದಿನ ನಡೆಯುತ್ತದೆ? ಡಿಸೆಂಬರ್ ಕಳೆದು ಎರಡು ತಿಂಗಳು, ಹೆಚ್ಚೆಂದರೆ ಎರಡೂವರೆ. ಹಾಗಾದರೆ ತೋಟದವರಿಗೆ ಉಳಿದ ಒಂಬತ್ತೂವರೆ ತಿಂಗಳು ರಜೆಯೆಂದು ಬೆಂಗಳೂರಿನಿಂದ ಬಂದ ನೆಂಟರು ಯಾರಾದರೂ ಹೇಳಿದರೆ ನಿಮಗೆ ಹೇಗಾಗುತ್ತದೆ? ಕಣದಲ್ಲಿ ಒಣಗಿಸುವುದು, ಕಪಾತು, ಚಿಗುರು ಮುರಿಯುವುದು, ನೆರಳು ಮರಗಳ ಕೊಂಬೆ ಸವರುವುದು, ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆಯುವುದು, ಹೂಮಳೆ ಬಾರದಿದ್ದರೆ ಕೆರೆಯಿಂದ ನೀರು ಹಾಯಿಸುವುದು, ಇವೆಲ್ಲ ಆ ನೆಂಟರಿಗೆ ಕಾಣುವುದಿಲ್ಲ. ಕಾಣುವುದು ಹಣ್ಣು ಕುಯ್ಯುವ ಕೈ ಮಾತ್ರ. ತರಗತಿಯ ಒಂದು ಗಂಟೆಯೂ ಅಂಥ ಕೊಯ್ಲಿನ ಹೊತ್ತೇ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಗಂಟೆಯ ಪಾಠಕ್ಕೆ ನಾಲ್ಕೈದು ಗಂಟೆ ಸಿದ್ಧತೆ ಬೇಕಾಗುತ್ತಿತ್ತು. ಹತ್ತನೆಯ ವರ್ಷದ ಹೊತ್ತಿಗೆ ಅದು ಒಂದೂವರೆ ಗಂಟೆಗೆ ಇಳಿದಿತ್ತು. ಅಷ್ಟರಲ್ಲಿ ಪಠ್ಯಕ್ರಮ ಬದಲಾಯಿತು, ಮತ್ತೆ ನಾಲ್ಕಕ್ಕೆ ಏರಿತು. ಪಾಠದ ನಂತರದ ಲೆಕ್ಕವನ್ನೂ ನೋಡಿ. ವಾರಕ್ಕೆ ನಾಲ್ಕು ಗಂಟೆಯ ನಾಲ್ಕು ಪತ್ರಿಕೆಗಳು ನಿಮ್ಮ ಪಾಲಿಗೆ ಬಂದಿವೆ, ಒಂದೊಂದು ತರಗತಿಯಲ್ಲಿ ಐವತ್ತು ಮಕ್ಕಳಿದ್ದಾರೆ ಎಂದುಕೊಳ್ಳೋಣ. ಸೆಮಿಸ್ಟರಿಗೆ ಎರಡು ಆಂತರಿಕ ಪರೀಕ್ಷೆಗಳೆಂದರೆ ನಾನೂರು ಉತ್ತರ ಪತ್ರಿಕೆಗಳು. ಪ್ರತಿಯೊಬ್ಬರದೂ ಒಂದೊಂದು ನಿಯೋಜಿತ ಬರಹ ಸೇರಿದರೆ ಆರುನೂರು. ಒಂದಕ್ಕೆ ಹತ್ತೇ ನಿಮಿಷ ಕೊಟ್ಟರೂ ನೂರು ಗಂಟೆ. ಆ ಮೇಲೆ ವಿಶ್ವವಿದ್ಯಾಲಯದ ಮೌಲ್ಯಮಾಪನ. ಈಗ ಚಿಕ್ಕ ಅಳುವಾರದ ಜ್ಞಾನ ಕಾವೇರಿ ಆವರಣದಲ್ಲಿ ನಮ್ಮದೇ ಆದ ಕೊಡಗು ವಿಶ್ವವಿದ್ಯಾಲಯವಿದೆ. 2023ಕ್ಕೆ ಮೊದಲು ಅದು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, ನಾವು ಮೌಲ್ಯಮಾಪನಕ್ಕೆಂದು ಸಂಪಾಜೆ ಘಾಟಿ ಇಳಿದು ಹೋಗುತ್ತಿದ್ದೆವು. ಊರಿನವರು ಆ ದಿನಗಳನ್ನು ‘ಮೇಷ್ಟ್ರಿಗೆ ಬೇಸಿಗೆ ರಜೆ’ ಎಂದು ಕರೆಯುತ್ತಿದ್ದರು. ರಜೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಬೇಸಿಗೆ ರಜೆ ಇದೆಯೆಂಬ ಕಾರಣಕ್ಕೇ ಸರ್ಕಾರಿ ಅಧ್ಯಾಪಕರಿಗೆ ಗಳಿಕೆ ರಜೆ ಇತರ ನೌಕರರಿಗಿಂತ ಕಡಿಮೆ. ಜುಲೈ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಸಾರಿದರೆ ಆ ಪಾಠಗಳೇನೂ ಮಳೆನೀರಿನಲ್ಲಿ ಕೊಚ್ಚಿಹೋಗುವುದಿಲ್ಲ. ಶನಿವಾರ ಮಧ್ಯಾಹ್ನ ಮರಳಿ ಬರುತ್ತವೆ. ಪ್ರವೇಶಾತಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತ, ಎನ್‌ಎಸ್‌ಎಸ್ ಶಿಬಿರ, ಚುನಾವಣಾ ಕರ್ತವ್ಯಗಳನ್ನು ಹೆಸರಿಸಿ ಬಿಡುತ್ತೇನೆ. ಅವುಗಳ ಬಗ್ಗೆ ಬರೆಯಲು ಕುಳಿತರೆ ಬರಹದ ಸ್ವರ ಕೆಡುತ್ತದೆ.

ಇಷ್ಟೆಲ್ಲ ಹೇಳಿದರೂ ಸಂಶೋಧನೆಯ ಸುದ್ದಿಗೆ ನಾನಿನ್ನೂ ಬಂದಿಲ್ಲ. ಹದಿನಾರು ಗಂಟೆಯ ಭ್ರಮೆ ಪೂರ್ತಿ ಒಡೆಯುವುದು ಅಲ್ಲಿ. ನೇರ ನೇಮಕಾತಿಯಲ್ಲಿ ಸಹ ಪ್ರಾಧ್ಯಾಪಕರಾಗಲು ಏಳು ಸಂಶೋಧನಾ ಪ್ರಕಟಣೆಗಳು ಮತ್ತು 75 ಸಂಶೋಧನಾಂಕಗಳು ಬೇಕು. ಪ್ರಾಧ್ಯಾಪಕರಾಗಲು ಹತ್ತು ಪ್ರಕಟಣೆಗಳು ಮತ್ತು 120 ಅಂಕಗಳು. ವಿಜ್ಞಾನ ವಿಭಾಗದವರ ಒಂದು ಲೇಖನಕ್ಕೆ 8 ಅಂಕ, ಭಾಷೆ ಮತ್ತು ಸಮಾಜ ವಿಜ್ಞಾನದವರ ಲೇಖನಕ್ಕೆ 10. ಇದನ್ನು ಕೇಳಿದೊಡನೆ ಕನ್ನಡ ವಿಭಾಗದವರಿಗೆ ಎರಡಂಕ ಏಕೆ ಹೆಚ್ಚೆಂದು ವಿಜ್ಞಾನದವರು ಗೊಣಗುವುದುಂಟು. ಕಾರಣ ಇದಿರಬಹುದೆಂದು ನನ್ನ ಊಹೆ: ರಸಾಯನಶಾಸ್ತ್ರದ ಲೇಖನಕ್ಕೆ ಐದಾರು ಜನ ಲೇಖಕರಿರುವುದು ಸಾಮಾನ್ಯ, ಶಾಸನವನ್ನೋ ಹಳೆಯ ಕಾವ್ಯವನ್ನೋ ಓದುವವರು ಹೆಚ್ಚಾಗಿ ಒಂಟಿ. ಜಂಟಿ ಲೇಖನದ ಅಂಕವೂ ಇಡಿಯಾಗಿ ಸಿಗುವುದಿಲ್ಲ. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಮೊದಲ ಹೆಸರು ಯಾರದೆಂಬ ಬಗ್ಗೆ ಪ್ರಯೋಗಾಲಯಗಳಲ್ಲಿ ನಡೆಯುವ ಮೌನ ಸಮರಗಳ ಮೂಲ ಇಲ್ಲಿದೆ.

ಒಂಟಿ ದುಡಿಮೆ ಎಂದರೆ ಎಷ್ಟು ದೀರ್ಘವಾದದ್ದು ಎಂಬುದಕ್ಕೆ ನಮ್ಮ ಜಿಲ್ಲೆಗೇ ಸಂಬಂಧಿಸಿದ ಎರಡು ಉದಾಹರಣೆಗಳಿವೆ. ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಭಾಷಾವಿಜ್ಞಾನಿ ಎಂ.ಬಿ. ಎಮೆನೊ ಅವರು 1935ರಿಂದ 1938ರವರೆಗೆ ಭಾರತದಲ್ಲಿದ್ದು ತೋಡ, ಕೋತ ಮೊದಲಾದ ಭಾಷೆಗಳೊಂದಿಗೆ ಕೊಡವ ಭಾಷೆಯ ಸಾಮಗ್ರಿಯನ್ನೂ ಸಂಗ್ರಹಿಸಿದರು. ಕೊಡವ ಭಾಷೆಯ ಸ್ವರಗಳ ಬಗೆಗಿನ ಅವರ ಲೇಖನ ಪ್ರಕಟವಾದದ್ದು 1970ರಲ್ಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1940ರ ದಶಕದ ಆರಂಭದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿದರು. ಆ ಸಾಮಗ್ರಿಯಿಂದ ಮುಂಬಯಿಯಲ್ಲಿ ಒಮ್ಮೆ, ಆಕ್ಸ್‌ಫರ್ಡ್‌ನಲ್ಲಿ ಮತ್ತೊಮ್ಮೆ ಪ್ರಬಂಧ ಬರೆದರು. ‘ಸಂಸ್ಕೃತೀಕರಣ’ (ಕೆಳಗಿನ ಜಾತಿಗಳು ಮೇಲಿನ ಜಾತಿಗಳ ಆಚರಣೆಗಳನ್ನು ಅನುಸರಿಸುವುದು) ಎಂಬ ಪರಿಕಲ್ಪನೆಗೆ ಹೆಸರಾದ ಅವರ ಪುಸ್ತಕ ಹೊರಬಂದದ್ದು 1952ರಲ್ಲಿ. ಮುಂದೆ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಆರಂಭಿಸಿದ ಅಧ್ಯಯನದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿದಾಗ, ಅವರು ನೆನಪಿನಿಂದಲೇ ಬರೆಯಲು ತೊಡಗಿ 1976ರಲ್ಲಿ ಆ ಹಳ್ಳಿಯ ಕುರಿತ ಪುಸ್ತಕವನ್ನು ಪ್ರಕಟಿಸಿದರು. ಇಂಥ ಕೆಲಸವನ್ನು ವಾರದ ಗಂಟೆಗಳಲ್ಲಿ ಯಾವ ಹಾಜರಿ ಪುಸ್ತಕ ಹಿಡಿದೀತು? ಇಂದಿನ ಅಂಕಪಟ್ಟಿಯ ಮುಂದೆ ಕುಳಿತಿದ್ದರೆ ಎಮೆನೊ ಅವರ ಆ ಮೂವತ್ತು ಚಿಲ್ಲರೆ ವರ್ಷಗಳಿಗೆ ಹತ್ತಂಕ ದೊರೆಯುತ್ತಿತ್ತು, ನಿಯತಕಾಲಿಕೆಯ ಘನತೆಗೆಂದು ಇನ್ನಷ್ಟು ಸೇರುತ್ತಿತ್ತು, ಅಷ್ಟೇ. ಆ ಪಟ್ಟಿಯನ್ನು ನಾನು ಮೆಚ್ಚುವುದಿಲ್ಲವೆಂದು ಇದರಿಂದ ತಿಳಿದರೆ ತಪ್ಪಾಗದು.

ವಿಜ್ಞಾನದವರ ಗಂಟೆಗಳು ಬೇರೆ ಬಗೆಯವು. ಉಪಕರಣ ಕೆಟ್ಟರೆ ಆ ತಿಂಗಳ ಕೆಲಸ ನಿಂತಿತು. ಅನುದಾನಕ್ಕೆ ಬರೆದ ಪ್ರಸ್ತಾವ ತಿರಸ್ಕೃತವಾದರೆ ಆ ವರ್ಷವೇ ಹೋಯಿತು. ಜೊತೆಗೆ ಮಾರ್ಗದರ್ಶನವಿದೆ: ಏಕಕಾಲಕ್ಕೆ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಪಿಎಚ್.ಡಿ. ವಿದ್ಯಾರ್ಥಿಗಳವರೆಗೆ ತೆಗೆದುಕೊಳ್ಳಬಹುದು, ಮತ್ತು ಆ ಪ್ರತಿಯೊಂದು ಪ್ರಬಂಧದ ಪ್ರತಿಯೊಂದು ಪುಟವನ್ನೂ ಯಾರೋ ಒಬ್ಬರು ರಾತ್ರಿ ಕುಳಿತು ತಿದ್ದಲೇಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಿಗೆ ನೆಟ್ ಬೇಡ, ಎಂ.ಡಿ. ಅಥವಾ ಎಂ.ಎಸ್. ಬೇಕು, ಅವರಿಗೆ ತರಗತಿಯ ಜೊತೆಗೆ ಆಸ್ಪತ್ರೆಯ ವಾರ್ಡು ಇದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಎಂಜಿನಿಯರಿಂಗ್ ವಿಷಯಗಳಿಗೆ ನೆಟ್ ಕೇಳುವುದಿಲ್ಲ, ಎಂ.ಟೆಕ್. ಕೇಳುತ್ತಾರೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅಲ್ಲಿಯವರಿಗೆ ಬೋಧನೆ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣೆ, ಎಂದರೆ ರೈತರ ಬಳಿಗೆ ಹೋಗಿ ತಿಳಿಸುವ ಕೆಲಸವೂ ಹುದ್ದೆಯ ಭಾಗವೇ.

ವಿಸ್ತರಣೆಯ ಮಾತಿನಿಂದ ಇನ್ನೊಂದು ವಿಷಯ ನೆನಪಾಗುತ್ತದೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನೂ ಅಪ್ಪಂಗಳದ ಏಲಕ್ಕಿ ಸಂಶೋಧಕರನ್ನೂ ನಮ್ಮಲ್ಲಿ ಹಲವರು ‘ಪ್ರೊಫೆಸರ್’ ಎಂದೇ ಕರೆಯುತ್ತಾರೆ. ಅವರು ವಿಜ್ಞಾನಿಗಳು, ಪ್ರಾಧ್ಯಾಪಕರಲ್ಲ. ಒಬ್ಬರು ಕಾಫಿ ಮಂಡಳಿಯವರು, ಇನ್ನೊಬ್ಬರು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನವರು. ಹೆಸರಿನ ವ್ಯತ್ಯಾಸ ಇಲ್ಲಿ ಮುಖ್ಯವಲ್ಲ, ಕಾಲದ ವ್ಯತ್ಯಾಸ ಮುಖ್ಯ. ಅರೇಬಿಕಾ ಗಿಡ ನೆಟ್ಟು ಮೊದಲ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಹೊಸ ತಳಿ ಎಂದರೆ ಅಂಥ ಹಲವು ತಲೆಮಾರುಗಳು; 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯಂಥದು ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿದ್ದಲ್ಲ. ಪಿಎಚ್.ಡಿ.ಗೆ ಇರುವ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಆದ್ದರಿಂದ ತಳಿ ಬೆಳೆಸುವ ಪೂರ್ತಿ ಕೆಲಸವನ್ನು ಯಾವ ಮಾರ್ಗದರ್ಶಕರೂ ಒಬ್ಬ ವಿದ್ಯಾರ್ಥಿನಿಯ ತಲೆಗೆ ಕಟ್ಟುವುದಿಲ್ಲ. ತುಕ್ಕು ರೋಗದ ಒಂದು ಅಂಶವನ್ನೋ, ಕಾಂಡಕೊರಕದ ಒಂದು ಹಂತವನ್ನೋ ಕೊಡುತ್ತಾರೆ. ಬಹುಕಾಲದ ಕೆಲಸ ಬೇಕೆನಿಸಿದವರಿಗೆ ಸಂಶೋಧನಾ ಕೇಂದ್ರ ಹೊಂದುತ್ತದೆ, ವರ್ಷವರ್ಷವೂ ಹೊಸ ಮುಖಗಳಿಗೆ ಅದನ್ನು ವಿವರಿಸುವ ಚಪಲವಿರುವವರಿಗೆ ಕಾಲೇಜು ಹೊಂದುತ್ತದೆ. ಎರಡೂ ದಾರಿಗಳ ಪ್ರವೇಶ ಪರೀಕ್ಷೆಗಳು ಬೇರೆ ಬೇರೆ.

ತೋಟದ ವಿಚಾರ. ಸರ್ಕಾರಿ ಅಧ್ಯಾಪಕರಿಗೆ ಮನೆಯ ಜಮೀನು ಇರಬಾರದೆಂದಿಲ್ಲ. ವರ್ಷಕ್ಕೊಮ್ಮೆ ಆಸ್ತಿ ವಿವರದಲ್ಲಿ ತೋರಿಸಬೇಕು. ಭಾನುವಾರ ಕಣದ ಬಳಿ ಕುಳಿತು ಉತ್ತರ ಪತ್ರಿಕೆ ತಿದ್ದಿದ ಸಹೋದ್ಯೋಗಿಗಳು ನನಗಿದ್ದರು. ಒಬ್ಬರ ಪತ್ರಿಕೆಗಳಿಗೆ ಫೆಬ್ರವರಿಯಲ್ಲಿ ಕಾಫಿ ಹಣ್ಣಿನ ವಾಸನೆ ಇರುತ್ತಿತ್ತು. ಆದರೆ ಕೊಯ್ಲಿಗೆ ಆಳು ಸಿಗದೆ ಒದ್ದಾಡುವ ವಾರ ಮತ್ತು ಸೆಮಿಸ್ಟರ್ ಪರೀಕ್ಷೆಯ ವಾರ ಒಟ್ಟಿಗೆ ಬಂದಾಗ ಯಾವುದಾದರೂ ಒಂದು ಕೆಡುತ್ತದೆ. ತೋಟಕ್ಕೆ ಬೇರೆ ಏರ್ಪಾಡು ಮಾಡಿಯೇ ಅವಳನ್ನು ಕಳುಹಿಸಿ.

ಕೊನೆಗೆ, ನೀವು ಎಲ್ಲವನ್ನೂ ಕೇಳಿದ್ದೀರಿ, ಆದರೆ ಮಗಳ ಎಂ.ಎಸ್ಸಿ. ಯಾವ ವಿಷಯದಲ್ಲಿ ಎಂಬುದನ್ನು ಬರೆದಿಲ್ಲ. ಗಣಿತವಾದರೆ ಒಂದು ಮಾತು, ಸಸ್ಯಶಾಸ್ತ್ರವಾದರೆ ಇನ್ನೊಂದು. ಮೇಲಿನದರಲ್ಲಿ ಅರ್ಧ ಅವಳಿಗೆ ಅನ್ವಯಿಸುತ್ತದೆಯೋ ಇಲ್ಲವೋ ಅದರ ಮೇಲೆ ನಿಂತಿದೆ. ದಯವಿಟ್ಟು ತಿಳಿಸಿ. ಮುಂದಿನ ಪತ್ರವನ್ನು ಅವಳೇ ಬರೆದರೆ ಇನ್ನೂ ಒಳ್ಳೆಯದು.