ಅಜರ್‌ಬೈಜಾನಿಗಿಂತ ಇರಾನಿನಲ್ಲೇ ಅಜೆರಿಗಳು ಜಾಸ್ತಿ ಯಾಕೆ?

ಪ್ರಶ್ನೆ: ಅಜೆರಿಗಳಿಗೆ ಅಂತಲೇ ಅಜರ್‌ಬೈಜಾನ್ ಎಂಬ ದೇಶವಿದೆ. ಆದರೂ ಅವರಲ್ಲಿ ಹೆಚ್ಚಿನವರು ಇರುವುದು ಇರಾನಿನಲ್ಲಂತೆ. ವಲಸೆ ಹೋದರಾ?

ಉತ್ತರ: ಇಲ್ಲ, ಅವರು ಇದ್ದಲ್ಲೇ ಇದ್ದಾರೆ. ಅಜರ್‌ಬೈಜಾನ್ ದೇಶದ ಜನಸಂಖ್ಯೆ ಒಂದು ಕೋಟಿ ಚಿಲ್ಲರೆ. ಇರಾನಿನ ಜನಗಣತಿಯಲ್ಲಿ ಜನಾಂಗ ಯಾವುದು ಅಂತ ಕೇಳುವುದಿಲ್ಲ. ಆದರೆ ಅಲ್ಲಿನ ಅಜೆರಿಗಳ ಬಗ್ಗೆ ಸಾಮಾನ್ಯವಾಗಿ ಹೇಳುವ ಅಂದಾಜುಗಳು ಒಂದು ಕೋಟಿಯನ್ನು ದಾಟಿಯೇ ಇರುತ್ತವೆ. ತಬ್ರೀಜ್, ಅರ್ದಬಿಲ್ ಕಡೆ ಮನೆಮಾತೇ ಅಜೆರಿ ತುರ್ಕಿ.

ನಕ್ಷೆ ತೆಗೆದು ಅರಾಸ್ ನದಿ ಹುಡುಕಿ. ಉತ್ತರ ದಂಡೆಯಲ್ಲಿ ಆ ದೇಶ, ದಕ್ಷಿಣ ದಂಡೆಯಲ್ಲಿ ಇರಾನಿನ ಅಜರ್‌ಬೈಜಾನ್ ಪ್ರಾಂತ್ಯಗಳು. ನದಿ ಹಳೆಯದು, ಗಡಿ ಮಾತ್ರ ಹೆಚ್ಚುಕಡಿಮೆ ಇನ್ನೂರು ವರ್ಷದ್ದು.

ಅದಕ್ಕೂ ಮುಂಚೆ ಇದು ಇರಾನಿನ ಯಾವುದೋ ಮೂಲೆಯಾಗಿರಲಿಲ್ಲ. 1501ರಲ್ಲಿ ಇರಾನಿನ ದೊರೆ ಶಾ ಇಸ್ಮಾಯಿಲ್ ಪಟ್ಟಕ್ಕೇರಿದ್ದು ತಬ್ರೀಜ್‌ನಲ್ಲಿ. ‘ಖತಾಯಿ’ ಎಂಬ ಅಂಕಿತದಲ್ಲಿ ಆತ ಪದ್ಯ ಬರೆದದ್ದು ಇದೇ ತುರ್ಕಿ ಭಾಷೆಯಲ್ಲಿ. ಇರಾನನ್ನು ಶಿಯಾ ದೇಶ ಮಾಡಿದವನೂ ಅವನೇ. ಆ ಸುದ್ದಿ ನಮ್ಮ ವಿಜಯಪುರದವರೆಗೂ ಮುಟ್ಟಿತ್ತು. ಒಂದೆರಡು ವರ್ಷದಲ್ಲೇ ಯೂಸುಫ್ ಆದಿಲ್ ಶಾ ಕೂಡ ತನ್ನ ರಾಜ್ಯದಲ್ಲಿ ಶಿಯಾ ಪಂಥ ಸಾರಿದ.

ಪಕ್ಕದ ಆಟೊಮನ್ ಸುಲ್ತಾನರು ಸುನ್ನಿಗಳು. 1514ರಲ್ಲಿ ಚಾಲ್ಡಿರಾನ್‌ನಲ್ಲಿ ಇಸ್ಮಾಯಿಲ್ ಸೋತ. ಮುಂದೆ ತಬ್ರೀಜ್ ಪದೇ ಪದೇ ಕೈ ಬದಲಾಯಿಸಿತು. 1585ರಿಂದ 1603ರವರೆಗೆ ಆಟೊಮನ್ನರೇ ಅಲ್ಲಿ ಕೂತಿದ್ದರು. ಗಡಿಗೆ ಇಷ್ಟು ಹತ್ತಿರ ರಾಜಧಾನಿ ಬೇಡಪ್ಪಾ ಅಂತ ಅಷ್ಟರೊಳಗೆ ಅರಮನೆ ಕಜ್ವೀನಿಗೆ ಹೋಗಿಯಾಗಿತ್ತು, ಆಮೇಲೆ ಇಸ್ಫಹಾನಿಗೆ.

ದೆಹಲಿಯನ್ನು ದೋಚಿದ ನಾದಿರ್ ಶಾ ಗೊತ್ತಲ್ವಾ? 1747ರಲ್ಲಿ ಅವನ ಕೊಲೆಯಾದ ಮೇಲೆ ಇಲ್ಲಿ ಊರಿಗೊಬ್ಬ ಖಾನ. ಬಾಕು, ಗಂಜಾ, ಶೆಕಿ, ಕರಾಬಾಖ್, ಎಲ್ಲವೂ ಪುಟ್ಟ ಪುಟ್ಟ ಖಾನರ ಸಂಸ್ಥಾನ. ರಷ್ಯಾಕ್ಕೆ ಇಷ್ಟು ಸಾಕಾಯಿತು. 1804ರ ಜನವರಿಯಲ್ಲಿ ಅದರ ಸೈನ್ಯ ಗಂಜಾ ಕೋಟೆಗೆ ನುಗ್ಗಿತು. ಶರಣಾಗಲು ಒಪ್ಪದ ಜವಾದ್ ಖಾನ ಕಾದಾಡುತ್ತಲೇ ಸತ್ತ. ಊರಿಗೆ ತ್ಸಾರನ ಹೆಂಡತಿಯ ಹೆಸರಿಟ್ಟು ಯೆಲಿಜವೆತ್‌ಪೋಲ್ ಮಾಡಿದರು. ಸೋವಿಯತ್ ಕಾಲದಲ್ಲಿ ಅದೇ ಊರು ಕಿರೊವಾಬಾದ್ ಆಯಿತು. 1989ರಲ್ಲಿ ಮತ್ತೆ ಗಂಜಾ.

ಎರಡು ಯುದ್ಧ, ಎರಡು ಒಪ್ಪಂದ. 1813ರ ಗುಲಿಸ್ತಾನ್ ಒಪ್ಪಂದದಲ್ಲಿ ಇರಾನ್ ಬಾಕು, ಗಂಜಾ, ಕರಾಬಾಖ್ ಕಳೆದುಕೊಂಡಿತು. 1828ರ ತುರ್ಕ್‌ಮೆಂಚಾಯ್‌ನಲ್ಲಿ ಯೆರೆವಾನ್ ಮತ್ತು ನಖಿಚೆವಾನ್ ಹೋದವು, ಮೇಲಿಂದ 2 ಕೋಟಿ ಬೆಳ್ಳಿ ರೂಬಲ್ ದಂಡ. ಆ ಹೊತ್ತಿಗೆ ರಷ್ಯನ್ನರು ತಬ್ರೀಜನ್ನೂ ಹಿಡಿದಿದ್ದರು, ಒಪ್ಪಂದವಾದ ಮೇಲೆ ಬಿಟ್ಟುಕೊಟ್ಟರು. ಹಾಗಾಗಿ ದೊಡ್ಡ ಪಾಲು ಇರಾನಿನಲ್ಲೇ ಉಳಿಯಿತು. ನಿಮ್ಮ ಪ್ರಶ್ನೆಯನ್ನು ನಾನಾದರೆ ತಿರುಗಿಸಿ ಕೇಳುತ್ತೇನೆ: ಉತ್ತರದ ತುಂಡು ಹೊರಗೆ ಹೋದದ್ದು ಹೇಗೆ?

ಹೆಸರಿನದೇ ಒಂದು ತಮಾಷೆ. ಅಜರ್‌ಬೈಜಾನ್ ಅಂದರೆ ಹಿಂದೆ ಮುಖ್ಯವಾಗಿ ಅರಾಸ್‌ನ ದಕ್ಷಿಣದ ನಾಡು. ಉತ್ತರದ್ದಕ್ಕೆ ಅರ್ರಾನ್, ಶಿರ್ವಾನ್ ಎಂಬ ಬೇರೆ ಹೆಸರುಗಳಿದ್ದವು. 1918ರ ಮೇ 28ರಂದು ಉತ್ತರದವರು ಗಣರಾಜ್ಯ ಘೋಷಿಸಿ ಈ ಹೆಸರಿಟ್ಟಾಗ ಇರಾನ್ ಮುಖ ಗಂಟಿಕ್ಕಿತು. ನಾಳೆ ದಕ್ಷಿಣವನ್ನೂ ಕೇಳಿಯಾರು ಅನ್ನುವ ಅನುಮಾನ. ಅದೇನು ಸುಮ್ನೆ ಹುಟ್ಟಿದ್ದಲ್ಲ. ಗಣರಾಜ್ಯವನ್ನು 1920ರಲ್ಲಿ ರಷ್ಯಾದ ಕಮ್ಯುನಿಸ್ಟರಾದ ಬೋಲ್ಶೆವಿಕರು ನುಂಗಿದರು. 1945ರ ಕೊನೆಯಲ್ಲಿ, ಸೋವಿಯತ್ ಸೈನ್ಯ ಇರಾನಿನೊಳಗೆ ಇದ್ದಾಗ, ತಬ್ರೀಜ್‌ನಲ್ಲಿ ಪಿಶೆವರಿ ಎಂಬ ಅಜೆರಿ ನಾಯಕನ ಸ್ವಾಯತ್ತ ಸರಕಾರ ಎದ್ದಿತು. ಸೈನ್ಯ ಹೊರಟಿತು, ವರ್ಷ ತುಂಬುವಷ್ಟರಲ್ಲಿ ಸರಕಾರವೂ ಬಿತ್ತು.

ಗಡಿಗಿಂತ ಲಿಪಿ ಜಾಸ್ತಿ ದೂರ ಮಾಡಿತು ಅಂತ ನನಗನ್ನಿಸುತ್ತದೆ. ಇರಾನಿನವರು ಇಂದಿಗೂ ಬರೆಯುವುದು ಅರಬ್ಬಿ ಲಿಪಿಯಲ್ಲಿ. ಬಾಕುವಿನಲ್ಲಿ 1929ಕ್ಕೆ ಲ್ಯಾಟಿನ್ ಕಡ್ಡಾಯವಾಯಿತು, 1940ಕ್ಕೆ ಸಿರಿಲಿಕ್, 1991ರಲ್ಲಿ ಸ್ವಾತಂತ್ರ್ಯದ ಜೊತೆ ಮತ್ತೆ ಲ್ಯಾಟಿನ್. ಅಜ್ಜ ಬರೆದಿಟ್ಟ ಕಾಗದ ಮೊಮ್ಮಗನಿಗೆ ಓದಲು ಬಾರದು. ತಬ್ರೀಜ್‌ನ ನೆಂಟನ ಜೊತೆ ಫೋನಿನಲ್ಲಿ ಆರಾಮಾಗಿ ಹರಟಬಹುದು, ಅವನ ಪತ್ರ ಮಾತ್ರ ಬಿಡಿಸಲಾಗದು.

1989ರ ಡಿಸೆಂಬರ್ ಕೊನೆಯಲ್ಲಿ ನಖಿಚೆವಾನ್‌ನ ಜನ ಗಡಿಯ ಮುಳ್ಳುಬೇಲಿ ಕಿತ್ತು ಅರಾಸ್ ದಂಡೆಗೆ ಇಳಿದರು. ಕೆಲವರು ಆ ಚಳಿಯಲ್ಲಿ ನದಿ ದಾಟಿ ಆಚೆ ದಡ ಸೇರಿದರು. ಅದರ ನೆನಪಿಗೆ ಡಿಸೆಂಬರ್ 31 ಈಗ ಅಜರ್‌ಬೈಜಾನಿನಲ್ಲಿ ಸರಕಾರಿ ರಜೆ.