ಐದು ಎನ್ನಲು ಒಂದರಿಂದ ಎಣಿಸಿದ ಮೇಷ್ಟ್ರು

ಐದೂ ಬೆರಳು ಬಿಡಿಸಿ ಮುಂದೆ ಹಿಡಿದು, ‘ಎಷ್ಟು ಹೇಳಿ ಮೇಷ್ಟ್ರೇ?’ ಅಂದೆ. ಅವರು ಬೆರಳು ನೋಡಿದರು, ನನ್ನ ಮುಖ ನೋಡಿದರು. ತುಟಿ ಅಲುಗಾಡಿತು. ‘ಅದೇ... ಅದು... ಅದೇ’ ಅಂದರು. 35 ವರ್ಷ ಹಳ್ಳಿ ಶಾಲೆಯ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವರು. ಪಕ್ಕದಲ್ಲಿದ್ದ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಕೈ ಇಳಿಸಿ, ‘ಒಂದು, ಎರಡು...’ ಎಂದು ಶುರು ಮಾಡಿ ಸುಮ್ಮನಾದೆ. ‘ಮೂರು, ನಾಲ್ಕು, ಐದು, ಆರು, ಏಳು’ ಎಂದು ಮೇಷ್ಟ್ರು ಇಪ್ಪತ್ತರವರೆಗೂ ಓಡಿದರು. ನಿಲ್ಲಿಸಲು ಅವರ ಕೈ ಹಿಡಿಯಬೇಕಾಯಿತು. ನಡುವೆ ‘ಐದು’ ಎಷ್ಟು ಸ್ಪಷ್ಟವಾಗಿ ಬಂದಿತ್ತು! ಮತ್ತೆ ಐದು ಬೆರಳು ತೋರಿಸಿದೆ. ‘ಅದೇ... ಅದೇ.’

ಅವರಿಗೆ ಸ್ಟ್ರೋಕ್ ಆಗಿ ಅದು ಮೂರನೇ ವಾರ. ಮೆದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ಬಲಗೈ, ಬಲಗಾಲು ಸೋತಿದ್ದವು. ‘ಮಾತು ಬಿದ್ದುಹೋಗಿದೆ ಮೇಡಂ’ ಎಂದು ಮಾತಿನ ಚಿಕಿತ್ಸೆ ಕೊಡುವ ನನ್ನ ಬಳಿ ಹೇಳಿದ ಮಗ. ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಯಾರೋ ಹೇಳಿದರೆಂದು ಬಜೆ ಬೇರು ತೇಯ್ದು, ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಸವರಿದ್ದರು. ಮಗುವಿಗೆ ಮಾತು ಬರಲಿ ಎಂದು ಅಜ್ಜಿಯರು ಮಾಡುವ ಕೆಲಸವನ್ನೇ ಇವರಿಗೂ ಮಾಡಿದ್ದರು. ಅದರ ಹಿಂದಿನ ಅಕ್ಕರೆ ನನಗೆ ಅರ್ಥವಾಗುತ್ತದೆ. ಆದರೆ ಸ್ಟ್ರೋಕ್ ಆದವರಲ್ಲಿ ಅನೇಕರಿಗೆ ನುಂಗುವುದೂ ಕಷ್ಟವಾಗಿರುತ್ತದೆ. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕಿಂತ ಹೆಚ್ಚಾಗಿ, ಮೇಷ್ಟ್ರ ತೊಂದರೆ ನಾಲಿಗೆಯಲ್ಲಿ ಇರಲೇ ಇಲ್ಲ. ನಾಲಿಗೆ ಸೋತಿದ್ದರೆ ಎಣಿಸುವಾಗಲೂ ‘ಐದು’ ತೊದಲಬೇಕಿತ್ತು. ಸ್ಟ್ರೋಕಿನಲ್ಲಿ ಹಾಗೆ ತೊದಲುವವರೂ ಇದ್ದಾರೆ, ಅದು ಬೇರೆ ಸಮಸ್ಯೆ. ಮೇಷ್ಟ್ರಿಗೆ ಆಗಿದ್ದು ಅಫೇಸಿಯಾ, ಮೆದುಳಿನಲ್ಲಿ ಭಾಷೆಯ ವ್ಯವಸ್ಥೆಗೇ ಬಿದ್ದ ಪೆಟ್ಟು.

ಒಂದು ಪದ ಬಾಯಿಗೆ ಬರುವ ಮುನ್ನ ಏನೇನು ನಡೆಯುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ. ಸೌಟನ್ನು ನೋಡಿದ ಕೂಡಲೇ ಅದು ಯಾವ ವಸ್ತು, ಯಾತಕ್ಕೆ ಬೇಕು ಎಂಬುದು ಮೊದಲು ತಿಳಿಯುತ್ತದೆ. ಆ ಅರ್ಥಕ್ಕೆ ಹೊಂದುವ ಪದವನ್ನು ಹತ್ತಾರು ಸಾವಿರ ಪದಗಳ ನಡುವಿನಿಂದ ಆರಿಸಬೇಕು. ಆಮೇಲೆ ಆ ಪದದ ಧ್ವನಿಗಳನ್ನು ಸಾಲಾಗಿ ಜೋಡಿಸಿ ತುಟಿ, ನಾಲಿಗೆ, ಗಂಟಲಿಗೆ ಅಪ್ಪಣೆ ಕೊಡಬೇಕು. ಚಿತ್ರ ನೋಡಿ ಹೆಸರು ಹೇಳಲು ಶುರು ಮಾಡುವುದಕ್ಕೆ ಆರೋಗ್ಯವಂತರಿಗೆ ಬೇಕಾಗುವುದು ಸುಮಾರು 600 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡೂ ಬೇಡ.

ಅರ್ಥ ಬೇರೆ ಕಡೆ, ಧ್ವನಿ ಬೇರೆ ಕಡೆ ಇರುತ್ತದೆ ಎಂಬುದಕ್ಕೆ ನಮ್ಮ ನಿಮ್ಮ ಅನುಭವವೇ ಸಾಕ್ಷಿ. ಮದುವೆಮನೆಯಲ್ಲಿ ಪರಿಚಿತರೊಬ್ಬರು ಸಿಗುತ್ತಾರೆ. ಅವರ ಊರು, ಕೆಲಸ, ಮಕ್ಕಳು ಎಲ್ಲ ನೆನಪಿದೆ, ಹೆಸರು ಮಾತ್ರ ನಾಲಿಗೆ ತುದಿಯಲ್ಲೇ ಇದ್ದು ಬಾಯಿಗೆ ಬರುತ್ತಿಲ್ಲ. 1966ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಇದನ್ನೇ ಪ್ರಯೋಗಕ್ಕೆ ಒಡ್ಡಿದರು. ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ, ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಪದ ಹೊಳೆಯದೆ ಒದ್ದಾಡುತ್ತಿದ್ದವರು ಕೂಡ ಅದರ ಮೊದಲ ಅಕ್ಷರವನ್ನೋ, ಅದು ಎಷ್ಟು ಉದ್ದದ ಪದ ಎಂಬುದನ್ನೋ ಎಷ್ಟೋ ಸಲ ಸರಿಯಾಗಿ ಹೇಳುತ್ತಿದ್ದರು. ಪದ ಒಂದೇ ಏಟಿಗೆ ಇಡಿಯಾಗಿ ಸಿಗುವುದಿಲ್ಲ. ಅದರ ತುಂಡುಗಳು ಮೊದಲು ಕೈಗೆ ಸಿಗಬಹುದು.

ನಮಗೆ ಅಪರೂಪಕ್ಕೆ ಆಗುವ ಈ ಸಂಕಟ ಅಫೇಸಿಯಾ ಆದವರಿಗೆ ದಿನವಿಡೀ, ನೀರು, ಚಪ್ಪಲಿ, ಮಗಳ ಹೆಸರಿನಂಥ ಪದಗಳಿಗೂ ಆಗುತ್ತದೆ. ಅವರ ತಪ್ಪುಗಳನ್ನು ಕಿವಿಗೊಟ್ಟು ಕೇಳಿದರೆ ದಾರಿ ಎಲ್ಲಿ ಕಡಿದಿದೆ ಎಂದು ತಿಳಿಯುತ್ತದೆ. ಸೌಟನ್ನು ‘ಚಮಚ’ ಎಂದವರು ಸರಿಯಾದ ಓಣಿಗೇ ಬಂದು ಪಕ್ಕದ ಮನೆ ಬಾಗಿಲು ತಟ್ಟಿದ್ದಾರೆ. ಕಿಟಕಿಯನ್ನು ‘ಟಿಕಕಿ’ ಎಂದವರಿಗೆ ಮನೆ ಸಿಕ್ಕಿದೆ, ಧ್ವನಿಗಳ ಜೋಡಣೆಯಲ್ಲಿ ಎಡವಟ್ಟಾಗಿದೆ. ಇಬ್ಬರಿಗೂ ಕೊಡುವ ಚಿಕಿತ್ಸೆ ಒಂದೇ ಅಲ್ಲ.

ಹಾಗಾದರೆ ಎಣಿಸುವಾಗ ಬಂದ ‘ಐದು’ ಕೇಳಿದಾಗ ಯಾಕೆ ಬರಲಿಲ್ಲ? ಈ ಒಗಟು ಬಹಳ ಹಳೆಯದು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಲೆಬೋರ್ನ್ ಎಂಬ ರೋಗಿಯನ್ನು ಪರೀಕ್ಷಿಸಿದರು. ವರ್ಷಗಟ್ಟಲೆ ಆತ ಏನು ಕೇಳಿದರೂ ‘ಟಾನ್, ಟಾನ್’ ಎನ್ನುತ್ತಿದ್ದ. ಸಿಟ್ಟು ನೆತ್ತಿಗೇರಿದಾಗ ಮಾತ್ರ ಒಂದು ಬೈಗುಳ ಪೂರ್ತಿಯಾಗಿ ಹೊರಬೀಳುತ್ತಿತ್ತು. ಆತ ತೀರಿಕೊಂಡ ಮೇಲೆ ಮೆದುಳನ್ನು ನೋಡಿದಾಗ ಎಡಬದಿಯ ಮುಂಭಾಗ ಹಾಳಾಗಿತ್ತು. ಭಾಷೆಗೂ ಎಡ ಮೆದುಳಿಗೂ ಇರುವ ನಂಟು ಗಟ್ಟಿಯಾಗಿ ತಿಳಿದದ್ದು ಅಲ್ಲಿಂದ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯನ್ನು ವಿವರಿಸಿದರು: ಮಾತು ಸಲೀಸಾಗಿ ಹರಿಯುತ್ತದೆ, ಅರ್ಥ ಕೂಡುವುದಿಲ್ಲ, ಎದುರಿನವರು ಹೇಳಿದ್ದೂ ತಿಳಿಯುವುದಿಲ್ಲ. ಇಂಥವರನ್ನು ಕಂಡಾಗ ಮನೆಯವರು ತಲೆ ಕೆಟ್ಟಿದೆ ಎಂದು ಹೆದರಿ ಮಾನಸಿಕ ತಜ್ಞರ ಬಳಿ ಕರೆದೊಯ್ದದ್ದನ್ನು ನೋಡಿದ್ದೇನೆ.

ಲೆಬೋರ್ನ್‌ನ ಬೈಗುಳ, ಮೇಷ್ಟ್ರ ಎಣಿಕೆ ಎರಡೂ ಒಂದೇ ಜಾತಿಯವು. ಮಗ್ಗಿ, ವಾರದ ಹೆಸರು, ದೇವರನಾಮ, ‘ಅಯ್ಯೋ ದೇವರೇ’ ಇವನ್ನೆಲ್ಲ ಸಾವಿರಾರು ಸಲ ಹೇಳಿ ಹೇಳಿ ಒಂದೇ ಸರವಾಗಿ ಪೋಣಿಸಿಟ್ಟಿರುತ್ತೇವೆ. ಒಂದು ಮಣಿ ಎಳೆದರೆ ಮುಂದಿನದು ತಾನೇ ಬರುತ್ತದೆ. ಪ್ರತಿ ಪದವನ್ನೂ ಹುಡುಕಿ ಆರಿಸಬೇಕಾಗಿಲ್ಲ. ಆರಿಸುವ ಕೆಲಸವೇ ಎಡ ಮೆದುಳಿನ ಪೆಟ್ಟಿನಿಂದ ಹೆಚ್ಚು ನಲುಗುವಂಥದ್ದು. ಹಾಡು ಬರುತ್ತದೆ, ಮಾತು ಬರುವುದಿಲ್ಲ ಎಂದು ಮನೆಯವರು ಅಚ್ಚರಿಪಡುವುದು ಇದಕ್ಕೇ. 1973ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ರಾಗದ ನೆರವಿನಿಂದ ಮಾತು ಕಲಿಸುವ ಒಂದು ಕ್ರಮ ರೂಪುಗೊಂಡಿತು. ಕೆಲವರಿಗೆ ಅದರಿಂದ ಪ್ರಯೋಜನವಿದೆ. ಆದರೆ ಹಾಡು ಬಂತೆಂದ ಮಾತ್ರಕ್ಕೆ ಮಾತೂ ಬಂದೀತೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ಕನ್ನಡದ ಮನೆಗಳಲ್ಲಿ ಇನ್ನೊಂದು ನೋವು ನೋಡಿದ್ದೇನೆ. ನಮ್ಮ ಭಾಷೆಯಲ್ಲಿ ಗೌರವ ಇರುವುದು ಪದದ ಬಾಲದಲ್ಲಿ. ಬಾ, ಬನ್ನಿ, ಹೇಳು, ಹೇಳಿ. ಅಫೇಸಿಯಾದಲ್ಲಿ ಮೊದಲು ಉದುರುವುದರಲ್ಲಿ, ಅದಲುಬದಲಾಗುವುದರಲ್ಲಿ ಈ ಬಾಲಗಳೂ ಸೇರಿವೆ. 40 ವರ್ಷ ಗಂಡನನ್ನು ‘ನೀವು’ ಎಂದೇ ಕರೆದ ಹೆಂಗಸೊಬ್ಬರ ಬಾಯಲ್ಲಿ ಸ್ಟ್ರೋಕ್ ಆದಮೇಲೆ ‘ನೀನು ಬಾ’ ಬಂತು. ಅಂದ ತಕ್ಷಣ ಅವರಿಗೇ ಗೊತ್ತಾಗಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು. ಆ ಕಣ್ಣೀರೇ ನನಗೆ ಪರೀಕ್ಷೆಯ ಅಂಕಪಟ್ಟಿಗಿಂತ ಹೆಚ್ಚು ಹೇಳಿತು: ಗೌರವ ಹಾಗೆಯೇ ಇದೆ, ‘ನೀವು’ ಇದೆ, ತಪ್ಪಾಯಿತೆಂದು ಹಿಡಿಯುವ ಕಿವಿಯೂ ಇದೆ. ಇಂಥ ಕಡೆ ‘ಅಮ್ಮ ಮರ್ಯಾದೆ ಬಿಟ್ಟಿದ್ದಾಳೆ’ ಎಂದು ಯಾರಾದರೂ ನಕ್ಕರೆ ನನಗೆ ಸಹಿಸಲಾಗುವುದಿಲ್ಲ.

ನಾನೂ ಒಂದು ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮನೆಯಲ್ಲಿ ಕೊಂಕಣಿ ಆಡುವ ಒಬ್ಬರನ್ನು ಮೂರು ವಾರ ಬರೀ ಕನ್ನಡದಲ್ಲೇ ಪರೀಕ್ಷಿಸಿದೆ. ಒಂದು ದಿನ ಅವರ ಅಕ್ಕ ಫೋನ್ ಮಾಡಿದರು. ನನ್ನ ಮುಂದೆ ಎರಡು ಪದ ಕೂಡಿಸಲಾಗದವರು ಫೋನಿನಲ್ಲಿ ಕೊಂಕಣಿಯಲ್ಲಿ ಊಟದ ವಿಚಾರ ಹೇಳಿದರು. ಹೆಚ್ಚಿನವರಿಗೆ ಎರಡೂ ಭಾಷೆಗಳು ಜೊತೆಜೊತೆಯಾಗಿ ಸುಧಾರಿಸುತ್ತವೆ, ಕೆಲವರಿಗೆ ಹಾಗಲ್ಲ. ಅಂದಿನಿಂದ ನನ್ನ ಮೊದಲ ಪ್ರಶ್ನೆ, ‘ಮನೇಲಿ ಯಾವ ಭಾಷೆ?’

ಮನೆಯವರಿಗೆ ನಾನು ಹೇಳುವುದು ಒಂದೇ: ದಯವಿಟ್ಟು ಪರೀಕ್ಷೆ ನಿಲ್ಲಿಸಿ. ನೋಡಲು ಬಂದ ನೆಂಟರೆಲ್ಲ ಮಂಚದ ಸುತ್ತ ನಿಂತು ‘ನಾನ್ಯಾರು ಹೇಳು ನೋಡೋಣ?’, ‘ಇದೇನು ಹೇಳಿ ಮಾವ?’ ಎಂದು ಕೇಳುತ್ತಾರೆ. ಹೇಳಲಾಗದಿದ್ದಾಗ ಕಿವುಡರಿಗೆ ಹೇಳುವಂತೆ ಕೂಗುತ್ತಾರೆ. ಅವರಿಗೆ ಕಿವಿ ಕೇಳುತ್ತದೆ. ನೀವು ಯಾರೆಂದು ಗೊತ್ತಿದೆ, ಹೇಳಲಾಗುತ್ತಿಲ್ಲ ಎಂಬುದೂ ಗೊತ್ತಿದೆ. ಹತ್ತು ಸಲ ಸೋತ ಮೇಲೆ ಮನುಷ್ಯ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ‘ಏನು ಬೇಕು?’ ಎನ್ನುವ ಬದಲು ‘ಕಾಫಿನಾ, ಮಜ್ಜಿಗೆನಾ?’ ಎಂದು ಕೇಳಿ. ಪದ ನಿಮ್ಮ ಪ್ರಶ್ನೆಯಲ್ಲೇ ಇದ್ದರೆ ಅದನ್ನು ಎತ್ತಿಕೊಳ್ಳುವುದು ಸುಲಭ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಕಾಯಿರಿ. ಟಿವಿ ಆಫ್ ಮಾಡಿ. ಬೆರಳು ತೋರಿಸಲಿ, ಬರೆದು ತೋರಿಸಲಿ, ಯಾವುದಾದರೂ ಸರಿ. ಮನೆಯ ಲೆಕ್ಕಾಚಾರ, ಜಮೀನಿನ ಮಾತು ಬಂದಾಗ ಅವರನ್ನು ಹೊರಗಿಡಬೇಡಿ. ಮೊದಲ ಕೆಲವು ತಿಂಗಳು ಸುಧಾರಣೆ ಬೇಗ ಆಗುತ್ತದೆ ನಿಜ, ಆದರೆ ವರ್ಷಗಳ ನಂತರವೂ ಹೊಸ ಪದಗಳು ದಕ್ಕಿದವರನ್ನು ಕಂಡಿದ್ದೇನೆ. ಇನ್ನೂ ಒಂದು ಮಾತು: ಒಂದು ಬೆಳಿಗ್ಗೆ ಮನೆಯಲ್ಲಿ ಯಾರದಾದರೂ ಮಾತು ಇದ್ದಕ್ಕಿದ್ದಂತೆ ತಡವರಿಸಿದರೆ ಪಿತ್ತವೆಂದು ಮಲಗಿಸಬೇಡಿ, ಅದು ಸ್ಟ್ರೋಕ್ ಇರಬಹುದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಧಿ ತೊಂದರೆ ಶುರುವಾದಾಗಿನಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ.

ಮೇಷ್ಟ್ರಿಗೆ ನಾನು ಎಡಗೈಗೆ ಸ್ಲೇಟು ಬಳಪ ಕೊಟ್ಟೆ. ಸೌಟಿನ ಚಿತ್ರ ನೋಡಿ ಹೆಸರು ಬಾಯಿಗೆ ಬರದಿದ್ದಾಗ ಸೊಟ್ಟಸೊಟ್ಟಗೆ ‘ಸೌ’ ಎಂದು ಬರೆದರು. ಬರೆದದ್ದನ್ನು ತಾವೇ ಓದಿಕೊಂಡರು, ‘ಸೌ... ಸೌಟು’ ಅಂದರು. ತಮಗೆ ತಾವೇ ಮೊದಲಕ್ಷರ ಎತ್ತಿಕೊಡುವುದನ್ನು ಕಲಿತರು. ಎಣಿಕೆಯಲ್ಲೂ ಹಾಗೆಯೇ. ಮೊದಮೊದಲು ಬೆರಳು ತೋರಿಸಿದರೆ ಒಂದರಿಂದ ಜೋರಾಗಿ ಶುರು ಮಾಡಿ ಐದಕ್ಕೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿಸಿದೆ, ನಿಲ್ಲಿಸುವುದಕ್ಕೇ ಎರಡು ವಾರ ಹಿಡಿಯಿತು. ಆಮೇಲೆ ಮೆಲ್ಲಗೆ, ಆಮೇಲೆ ಪಿಸುಮಾತಿನಲ್ಲಿ.

ಎಂಟನೇ ತಿಂಗಳು ಅವರ ಹೆಂಡತಿ ಹೇಳಿದರು: ‘ಹಾಲಿನವನು ಬಂದು ಎಷ್ಟು ಲೀಟರ್ ಬಾಕಿ ಅಂತ ಕೇಳಿದ ಮೇಡಂ. ನಾನು ಒಳಗಿದ್ದೆ. ಇವ್ರೇ ಹೇಳಿದ್ರು.’ ನಾನು ಮೇಷ್ಟ್ರ ಕಡೆ ತಿರುಗಿ, ‘ಎಷ್ಟು ಅಂದ್ರಿ ಮೇಷ್ಟ್ರೇ?’ ಎಂದು ಕೇಳಿ ಸುಮ್ಮನೆ ಕಾದೆ. ತುಟಿ ನಾಲ್ಕು ಸಲ ಸದ್ದಿಲ್ಲದೆ ಆಡಿತು. ‘ಐದು’ ಅಂದರು.